ಮನೆ ಹೋಟೆಲಿನ ದುಡಿಮೆಯೂ ‘ಅನುಭವ’ವೇ

ನನ್ನ ಊರು ಧಾರವಾಡ. ಈಗಿರುವುದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ನಗರಕ್ಕೆ ಅಂಟಿಕೊಂಡಿರುವ ರಿಚರ್ಡ್‌ಸನ್‌ನಲ್ಲಿ. ಎಂಎಸ್ ಮುಗಿಸಿ ಕೆಲಸ ಹುಡುಕುತ್ತಿರುವ ಅಸಂಖ್ಯ ಭಾರತೀಯರಲ್ಲಿ ನಾನೂ ಒಬ್ಬಳು. ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದೇ ಹೋಗುವಷ್ಟು ದೂರದಲ್ಲಿ, ನಾಣ್ಯ ಹಾಕಿ ಬಟ್ಟೆ ಒಗೆಯುವ ಲಾಂಡ್ರಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಈಚೆಗೆ ಒಂದು ಮೆಕ್ಸಿಕನ್ ಹೋಟೆಲ್ ಶುರುವಾಗಿದೆ. ಗಂಡ, ಹೆಂಡತಿ, ಅಜ್ಜಿ, ಕಾಲೇಜಿಗೆ ಹೋಗುವ ಮಗಳು, ಹತ್ತು ವರ್ಷದ ಮಗ. ಇಷ್ಟೇ ಜನ ಸೇರಿ ನಡೆಸುವ ಹೋಟೆಲ್ ಅದು. ಪಗಾರಕ್ಕೆ ಇಟ್ಟುಕೊಂಡ ಕೆಲಸಗಾರ ಅಂತ ಒಬ್ಬರೂ ಇಲ್ಲ.

ಊಟ ಚೆನ್ನಾಗಿದೆ. ಅದನ್ನು ಮುಂದೆ ಹೇಳುತ್ತೇನೆ. ಆದರೆ ಅಲ್ಲಿಗೆ ನಾಲ್ಕಾರು ಸಲ ಹೋಗಿ ಬಂದ ಮೇಲೆ ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಬೇರೆಯೇ ಒಂದು ಪ್ರಶ್ನೆ. ಅಪ್ಪ ಅಮ್ಮನ ಅಂಗಡಿಯಲ್ಲಿ, ಹೋಟೆಲಿನಲ್ಲಿ, ಖಾನಾವಳಿಯಲ್ಲಿ ವರ್ಷಗಟ್ಟಲೆ ದುಡಿದ ಹುಡುಗ ಹುಡುಗಿಯರು ಕೆಲಸಕ್ಕೆ ಅರ್ಜಿ ಹಾಕುವಾಗ ‘ಅನುಭವ’ ಎಂಬ ಕಾಲಂ ಮುಂದೆ ‘ಇಲ್ಲ’ ಅಂತ ಯಾಕೆ ಬರೆಯಬೇಕು?

ಮೊದಲ ಸಲ ಹೋದದ್ದು ಒಂದು ಮಧ್ಯಾಹ್ನ. ಬೋರ್ಡು ಕೈಯಲ್ಲಿ ಬರೆದದ್ದು. ಮೆನು ಪೂರ್ತಿ ಸ್ಪ್ಯಾನಿಷ್, ಕೆಳಗೆ ಪೆನ್ಸಿಲ್‌ನಲ್ಲಿ ಇಂಗ್ಲಿಷ್. ನಾನು ಸಸ್ಯಾಹಾರಿ. ಮೆಕ್ಸಿಕನ್ ಹೋಟೆಲಿಗೆ ಹೋಗುವ ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಒಂದು ಮಾತು: ಬೀನ್ಸ್ ಅಂದಕೂಡಲೇ ಹಿಗ್ಗಬೇಡಿ. ಬೇಯಿಸಿ ಮಸೆದು ಹುರಿಯುವ ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕುವುದು ಅಲ್ಲಿಯ ಹಳೆಯ ರೂಢಿ. ಅನ್ನವನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡುವುದೂ ಉಂಟು. ನಾನು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಒಂದು ಕ್ಷಣವೂ ತಡವರಿಸದೆ, ‘ಬೀನ್ಸ್ ಬೇಡ, ಅನ್ನವೂ ಬೇಡ. ಕಳ್ಳಿ ತಿನ್ನುತ್ತೀರಾ?’ ಅಂದಳು. ಪಾಪಾಸುಕಳ್ಳಿಯ ಎಳೆಯ ಎಲೆಗಳ ಮುಳ್ಳು ತೆಗೆದು, ಹೆಚ್ಚಿ, ಈರುಳ್ಳಿ ಟೊಮೆಟೊ ಜೊತೆ ಬಾಡಿಸಿದ ಪಲ್ಯ ಅದು. ಹೆಸರು ನೊಪಾಲೆಸ್. ಬೆಂಡೆಕಾಯಿಯಂತೆ ತುಸು ಲೋಳೆ, ತುಸು ಹುಳಿ. ಜೊತೆಗೆ ಪೊಬ್ಲಾನೊ ಎಂಬ ದಪ್ಪ ಮೆಣಸಿನಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಉದ್ದುದ್ದ ಸೀಳಿ ಚೀಸ್ ಹಾಕಿದ ಇನ್ನೊಂದು ಪಲ್ಯ. ಕುಡಿಯಲು ಕೆಂಪು ಪಾನಕ. ಕೇಳಿದರೆ, ನಮ್ಮ ಪುಂಡಿ ಪಲ್ಲೆಯ ಬಳಗದ ಗಿಡದ್ದೇ ಹೂವಿನದು.

ಇದೆಲ್ಲ ಬರುವುದು ಬಿಸಿ ಬಿಸಿ ಟೋರ್ಟಿಯಾ ಮೇಲೆ. ಮೆಕ್ಕೆಜೋಳದ ಸಣ್ಣ ರೊಟ್ಟಿ ಅನ್ನಿ. ಅಜ್ಜಿ ಹಿಂದಿನ ರಾತ್ರಿಯೇ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಕುದಿಸಿ ನೆನೆಯಿಟ್ಟಿರುತ್ತಾರೆ. ನಾವು ಎಲೆ ಅಡಿಕೆಗೆ ಹಚ್ಚಿಕೊಳ್ಳುವ ಅದೇ ಸುಣ್ಣ. ಬೆಳಿಗ್ಗೆ ತಿಕ್ಕಿ ತೊಳೆದರೆ ಕಾಳಿನ ಸಿಪ್ಪೆ ಬಿಟ್ಟುಕೊಳ್ಳುತ್ತದೆ. ಬೀಸಿದರೆ ಹಿಟ್ಟಿಗೆ ಅಂಟು ಬರುತ್ತದೆ. ಉಂಡೆಯನ್ನು ಒತ್ತುವ ಮಣೆಯಲ್ಲಿಟ್ಟು ಒಮ್ಮೆ ಅದುಮಿ ಹೆಂಚಿಗೆ ಹಾಕುತ್ತಾರೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕದೆ ಕಲಸಿದರೆ ರೊಟ್ಟಿ ಒಡೆಯುತ್ತದೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅವರಿಗೆ ಸುಣ್ಣ ಹಾಗೆ.

ಈ ಸುಣ್ಣದ ವಿಷಯ ಸಣ್ಣದಲ್ಲ. ಮೆಕ್ಕೆಜೋಳ ಹುಟ್ಟಿದ್ದೇ ಮೆಕ್ಸಿಕೊದಲ್ಲಿ, ಸುಮಾರು 9 ಸಾವಿರ ವರ್ಷಗಳ ಹಿಂದೆ, ಒಂದು ಕಾಡು ಹುಲ್ಲಿನಿಂದ. ಸುಣ್ಣ ಹಾಕಿ ಬೇಯಿಸಿದಾಗಲೇ ಆ ಕಾಳಿನಲ್ಲಿರುವ ನಿಯಾಸಿನ್ ಎಂಬ ಬಿ ಜೀವಸತ್ವ ಮೈಗೆ ಹತ್ತುತ್ತದೆ. ಕೊಲಂಬಸ್ ನಂತರ ಮೆಕ್ಕೆಜೋಳ ಯುರೋಪಿಗೆ ಹೋಯಿತು, ಸುಣ್ಣದ ವಿದ್ಯೆ ಜೊತೆಗೆ ಹೋಗಲಿಲ್ಲ. ಬರೀ ಮೆಕ್ಕೆಜೋಳ ತಿಂದು ಬದುಕಿದ ಉತ್ತರ ಇಟಲಿಯ ಬಡವರಿಗೆ, ಆಮೇಲೆ 20ನೇ ಶತಮಾನದ ಆರಂಭದಲ್ಲಿ ಇದೇ ಅಮೆರಿಕದ ದಕ್ಷಿಣ ರಾಜ್ಯಗಳ ಬಡವರಿಗೆ ಪೆಲ್ಲಾಗ್ರ ರೋಗ ಬಡಿಯಿತು. ಚರ್ಮ ಸುಲಿಯುವುದು, ಭೇದಿ, ಬುದ್ಧಿಭ್ರಮಣೆ, ಕೊನೆಗೆ ಸಾವು. ವಿಜ್ಞಾನಿಗಳು ಕಾರಣ ಹುಡುಕಲು ದಶಕಗಟ್ಟಲೆ ಒದ್ದಾಡಿದರು. ಮೆಕ್ಸಿಕೊದ ಹೆಂಗಸರು ರೋಗದ ಹೆಸರು ತಿಳಿಯದಿದ್ದರೂ ಅದನ್ನು ಅಡುಗೆಮನೆಯಲ್ಲೇ ದೂರ ಇಟ್ಟಿದ್ದರು. ಅದನ್ನು ಯಾರೂ ಓದು ಅನ್ನಲಿಲ್ಲ, ಅನುಭವ ಅಂತಲೂ ಅನ್ನಲಿಲ್ಲ. ‘ಮನೆಗೆಲಸ’ ಅಂದರು.

ಎರಡನೆಯ ಸಲವೋ ಮೂರನೆಯ ಸಲವೋ ಹೋದಾಗ ಹೋಟೆಲ್ ಖಾಲಿ ಇತ್ತು. ಮೂಲೆಯ ಮೇಜಿನಲ್ಲಿ ಪುಟ್ಟ ಹುಡುಗ ಹೋಂವರ್ಕ್ ಹರಡಿಕೊಂಡು ಕೂತಿದ್ದ. ಫೋನ್ ರಿಂಗಾದರೆ ಪೆನ್ಸಿಲ್ ಇಟ್ಟು ಎದ್ದು ಇಂಗ್ಲಿಷಿನಲ್ಲಿ ಆರ್ಡರ್ ಬರೆದುಕೊಂಡು, ಒಳಗೆ ಅಪ್ಪನಿಗೆ ಸ್ಪ್ಯಾನಿಷಿನಲ್ಲಿ ಕೂಗಿ, ಮತ್ತೆ ಭಾಗಾಕಾರಕ್ಕೆ ವಾಪಸ್. ಹುಡುಗಿ ಲ್ಯಾಪ್‌ಟಾಪ್ ಮುಂದೆ ಕೂತು ಏನೋ ತುಂಬುತ್ತಿದ್ದಳು. ನಾನು ಕೆಲಸ ಹುಡುಕುತ್ತಿರುವ ವಿಷಯ ಅವಳಿಗೆ ಗೊತ್ತಿತ್ತು. ‘ನೀವು ದಿನಾ ಈ ಫಾರಂ ತುಂಬುತ್ತೀರಲ್ಲ, ಒಂದ್ಸಲ ನೋಡ್ತೀರಾ?’ ಅಂತ ಲ್ಯಾಪ್‌ಟಾಪ್ ತಿರುಗಿಸಿದಳು. ಒಂದು ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದ ಇಂಟರ್ನ್‌ಶಿಪ್. ಹೆಸರು, ವಿಳಾಸ, ಓದು ಎಲ್ಲ ಸರಿ. ‘ಕೆಲಸದ ಅನುಭವ’ ಎಂಬಲ್ಲಿ ಒಂದೇ ಪದ: ‘ಇಲ್ಲ’.

‘ಈ ಹೋಟೆಲಿನ ಮಾಲು ತರಿಸುವುದು ಯಾರು?’ ಕೇಳಿದೆ.

‘ನಾನು.’

‘ರಾಜ್ಯ ಸರ್ಕಾರಕ್ಕೆ ಮಾರಾಟ ತೆರಿಗೆ ಲೆಕ್ಕ ಕೊಡುವುದು?’

‘ನಾನೇ. ಅಪ್ಪನಿಗೆ ವೆಬ್‌ಸೈಟ್ ಅರ್ಥವಾಗಲ್ಲ.’

‘ಆರೋಗ್ಯ ಇಲಾಖೆಯವರು ತಪಾಸಣೆಗೆ ಬಂದರೆ?’

‘ನಾನೇ ಮಾತಾಡೋದು. ಆದರೆ ಅದು ಕೆಲಸ ಅಲ್ಲವಲ್ಲ, ನಮ್ಮನೆಯದು.’

ಮೊದಲು ಈ ಕುಟುಂಬಕ್ಕೆ ಒಂದು ತಳ್ಳುಗಾಡಿಯಂಥ ಟ್ರೇಲರ್ ಇತ್ತಂತೆ. ಹದಿಮೂರನೇ ವಯಸ್ಸಿನಿಂದ ಅವಳು ಅದರ ಗಲ್ಲೆಯಲ್ಲಿ ಕೂತವಳು. ಈಗ ಹತ್ತೊಂಬತ್ತು. ಆರು ವರ್ಷಗಳ ದುಡಿಮೆಗೆ ಒಂದು ಪದ, ‘ಇಲ್ಲ’.

ನನಗೆ ಇದು ಹೊಸದೇನೂ ಅಲ್ಲ. ನಮ್ಮ ಅವ್ವ ಅಪ್ಪ ಧಾರವಾಡದಲ್ಲಿ ಖಾನಾವಳಿ ನಡೆಸುತ್ತಾರೆ. ಹೆಸರು ಬೇಡ, ಆ ಊರಿನಲ್ಲಿ ಓದಿದವರು ಅಂಥ ಒಂದಲ್ಲ ಒಂದರಲ್ಲಿ ಉಂಡೇ ಇರುತ್ತೀರಿ. ಎರಡು ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಸೊಪ್ಪಿನದು, ಶೇಂಗಾ ಚಟ್ನಿ, ಕೆಂಪು ಖಾರ, ಮೊಸರು, ಆಮೇಲೆ ಅನ್ನ ಸಾರು. ನಾನು ಎಂಟನೇ ಕ್ಲಾಸಿನಿಂದ ಬಿಇ ಮುಗಿಯುವ ತನಕ ಬೆಳಿಗ್ಗೆ ಒಂದೂವರೆ ತಾಸು, ಸಂಜೆ ಒಂದೂವರೆ ತಾಸು ಅಲ್ಲಿ ಕೆಲಸ ಮಾಡಿದ್ದೇನೆ. ಹಿಟ್ಟು ನಾದುವುದು, ಕೂಪನ್ ಹರಿಯುವುದು, ಸಂತೆಯ ಲೆಕ್ಕ, ತಿಂಗಳ ಊಟದವರ ಬಾಕಿ ಪುಸ್ತಕ. ಪರೀಕ್ಷೆ, ಜ್ವರ, ಮದುವೆ ಮನೆ ಎಲ್ಲ ಕಳೆದು ವರ್ಷಕ್ಕೆ 300 ದಿನ, ಒಟ್ಟು 8 ವರ್ಷ ಅಂತ ಹಿಡಿಯಿರಿ. ದಿನಕ್ಕೆ 3 ತಾಸಿನಂತೆ 7,200 ತಾಸು. ದಿನಕ್ಕೆ 8 ತಾಸಿನ ನೌಕರಿಗೆ ಹೋಲಿಸಿದರೆ ಸರಿಯಾಗಿ 900 ದಿನ, ಅಂದರೆ 3 ವರ್ಷದ ಪೂರ್ಣಾವಧಿ ಕೆಲಸ. ಜಾಹೀರಾತುಗಳಲ್ಲಿ ‘ಕನಿಷ್ಠ 2 ವರ್ಷ ಅನುಭವ’ ಅಂತ ಕೇಳುತ್ತಾರಲ್ಲ, ಅದಕ್ಕಿಂತ ಒಂದು ವರ್ಷ ಹೆಚ್ಚು!

ಕಾಲೇಜಿನಲ್ಲಿ ಪ್ಲೇಸ್‌ಮೆಂಟಿಗೆ ಮುಂಚೆ ರೆಸ್ಯೂಮೆ ತಿದ್ದಲು ಒಬ್ಬ ತರಬೇತುದಾರರು ಬಂದಿದ್ದರು. ಖಾನಾವಳಿಯ ಸಾಲಿನ ಮೇಲೆ ಅವರ ಕೆಂಪು ಪೆನ್ನು ಅಡ್ಡ ಗೆರೆ ಎಳೆಯಿತು. ‘ಇದೆಲ್ಲ ಫ್ಯಾಮಿಲಿ ಮ್ಯಾಟರ್, ಪ್ರೊಫೆಷನಲ್ ಅಲ್ಲ’ ಅಂದರು. ಅದೇ ಬ್ಯಾಚಿನಲ್ಲಿ ಎರಡು ವಾರದ ಆನ್‌ಲೈನ್ ‘ಇಂಟರ್ನ್‌ಶಿಪ್’ ಸರ್ಟಿಫಿಕೇಟ್ ದುಡ್ಡು ಕೊಟ್ಟು ತಂದವರ ಸಾಲು ಹಾಗೇ ಉಳಿಯಿತು. ಅದರಲ್ಲಿ ಅವರು ಏನು ಮಾಡಿದ್ದರು ಅಂತ ಯಾರೂ ಕೇಳಲಿಲ್ಲ.

ಇಲ್ಲೊಂದು ತಮಾಷೆ ಇದೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಗೊತ್ತಿರುತ್ತದೆ. ದೇಶದಲ್ಲಿ ಎಷ್ಟು ಜನಕ್ಕೆ ಕೆಲಸ ಇದೆ ಎಂದು ಲೆಕ್ಕ ಹಾಕಲು ಕೇಂದ್ರ ಸರ್ಕಾರ 2017ರಿಂದ ಪಿಎಲ್‌ಎಫ್‌ಎಸ್ ಎಂಬ ಕಾರ್ಮಿಕ ಸಮೀಕ್ಷೆ ನಡೆಸುತ್ತಿದೆ. ಅದರಲ್ಲಿ ಸ್ವಯಂ ಉದ್ಯೋಗಿಗಳ ಅಡಿಯಲ್ಲಿ ‘ಮನೆಯ ಉದ್ಯಮದಲ್ಲಿ ಸಹಾಯಕರು’ ಎಂಬ ಒಂದು ವರ್ಗ ಇದೆ. ಸಂಬಳವಿಲ್ಲದೆ ಮನೆಯ ಅಂಗಡಿ, ಹೊಲ, ಹೋಟೆಲಿನಲ್ಲಿ ದುಡಿಯುವವರೆಲ್ಲ ಅದರಲ್ಲಿ ಬರುತ್ತಾರೆ. ಅವರನ್ನು ನಿರುದ್ಯೋಗಿಗಳು ಅನ್ನುವುದಿಲ್ಲ, ಕೆಲಸ ಇರುವವರು ಎಂದೇ ಎಣಿಸುತ್ತಾರೆ. ಅಂದರೆ ಉದ್ಯೋಗದ ಅಂಕಿ ಅಂಶ ಚಂದ ಕಾಣಬೇಕಾದಾಗ ನಮ್ಮದು ಕೆಲಸ. ಅದೇ ಹುಡುಗಿ ಕೆಲಸ ಕೇಳಿಕೊಂಡು ಹೋದಾಗ ಅದು ‘ಫ್ಯಾಮಿಲಿ ಮ್ಯಾಟರ್’.

ಅಮೆರಿಕದಲ್ಲೂ ಕತೆ ಭಿನ್ನವಲ್ಲ. ಇಲ್ಲಿಯ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ತಾಸಿಗೆ 7.25 ಡಾಲರ್. 2009ರಿಂದ ಅದು ಏರಿಲ್ಲ, ಟೆಕ್ಸಾಸ್‌ನಲ್ಲೂ ಅದೇ ದರ. ಆದರೆ ಮಾಲೀಕರು ಮತ್ತು ಅವರ ಹತ್ತಿರದ ಕುಟುಂಬದವರು ಮಾತ್ರ ದುಡಿಯುವ ಅಂಗಡಿಗೆ ಆ ಕಾನೂನಿನ ಕೂಲಿ ನಿಯಮ ಅನ್ವಯಿಸುವುದಿಲ್ಲ. ಅಪ್ಪ ಅಮ್ಮನೇ ಪೂರ್ತಿ ಮಾಲೀಕರಾದ ಹೋಟೆಲಿನಲ್ಲಿ ಅಪಾಯದ ಕೆಲಸ ಬಿಟ್ಟು ಬೇರೆ ಕೆಲಸವನ್ನು ಮಕ್ಕಳು ಯಾವ ವಯಸ್ಸಿನಲ್ಲೂ ಮಾಡಬಹುದು. ನಮ್ಮಲ್ಲಿಯೂ 2016ರ ಬಾಲಕಾರ್ಮಿಕ ಕಾಯ್ದೆ ತಿದ್ದುಪಡಿ, ಶಾಲೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಮಕ್ಕಳು ಮನೆಯ ಉದ್ಯಮಕ್ಕೆ ನೆರವಾಗುವುದಕ್ಕೆ ಅವಕಾಶ ಬಿಟ್ಟಿದೆ. ದುಡಿಯಲು ಎರಡೂ ದೇಶದ ಕಾನೂನು ಬಿಡುತ್ತದೆ. ದುಡಿದದ್ದನ್ನು ಎಣಿಸಲು ಮಾತ್ರ ಯಾರೂ ಇಲ್ಲ.

ಈ ಎಣಿಸದ ದುಡಿಮೆ ಹೋಗುವುದಾದರೂ ಎಲ್ಲಿಗೆ? ನಿಮ್ಮ ತಟ್ಟೆಗೆ. ನೀವು ‘ಸಸ್ತಾ’ ಅನ್ನುವ ಬೆಲೆಗೆ. ನಾನು ಪಿಯುಸಿ ಓದುವಾಗ ಒಮ್ಮೆ ಅವ್ವನಿಗೆ, ಅಕ್ಕಪಕ್ಕದವರು ರೇಟ್ ಏರಿಸಿದ್ದಾರೆ, ನಾವೂ ಏರಿಸೋಣ ಅಂದಿದ್ದೆ. ಅವ್ವ ರೊಟ್ಟಿ ಬಡಿಯುತ್ತಲೇ, ‘ನಿನಗ, ನಿಮ್ಮ ತಮ್ಮಗ, ನನಗ ಎಲ್ಲಾರಿಗೂ ಪಗಾರ ಹಿಡದ್ರ ಊಟಕ್ಕ ನೂರಾ ಐವತ್ತ ಹಚ್ಚಬೇಕಾಗತೈತಿ. ಹಂಗ ಹಚ್ಚಿದ್ರ ಹಾಸ್ಟೆಲ್ ಹುಡುಗ್ರು ಎಲ್ಲಿಂದ ಉಣ್ತಾವ?’ ಅಂದಳು. ಆಗ ನಮ್ಮಲ್ಲಿ ಊಟಕ್ಕೆ 60 ರೂಪಾಯಿ. ಉಳಿದ 90 ರೂಪಾಯಿಯನ್ನು ನಮ್ಮ ಮನೆಯವರ ರಟ್ಟೆ ತುಂಬಿಕೊಡುತ್ತಿತ್ತು.

ಇಲ್ಲಿಯ ಆ ಹೋಟೆಲಿನಲ್ಲಿ ಒಂದು ಟಾಕೊಗೆ 3 ಡಾಲರ್. ನನ್ನ ಜೊತೆ ಬಂದಿದ್ದ ಗೆಳೆಯನೊಬ್ಬ, ‘ರೋಡ್‌ಸೈಡ್ ಫುಡ್‌ಗೆ ಇಷ್ಟಾ?’ ಅಂತ ಗೊಣಗಿದ. ಹಿಂದಿನ ವಾರವಷ್ಟೇ ಅವನು ಇಟಾಲಿಯನ್ ರೆಸ್ಟೊರೆಂಟಿನಲ್ಲಿ ಒಂದು ತಟ್ಟೆ ಪಾಸ್ತಾಕ್ಕೆ 19 ಡಾಲರ್ ಕೊಟ್ಟು ಫೋಟೊ ಹಾಕಿದ್ದ. ಪಾಸ್ತಾ ಪ್ಯಾಕೆಟ್ಟಿನಿಂದ ಬಂದದ್ದು, ಟೋರ್ಟಿಯಾ ಒಬ್ಬ ಅಜ್ಜಿ ರಾತ್ರಿಯಿಂದ ತಯಾರಿ ಮಾಡಿದ್ದು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕೃಷ್ಣೇಂದು ರೇ 2016ರ ತಮ್ಮ ಪುಸ್ತಕದಲ್ಲಿ ಇದನ್ನೇ ವಿವರಿಸುತ್ತಾರೆ. ಯಾವ ದೇಶದವರು ಇಲ್ಲಿಗೆ ಬಡ ವಲಸಿಗರಾಗಿ ಬರುತ್ತಾರೋ ಅವರ ಅಡುಗೆಗೆ ಜನ ಹೆಚ್ಚು ಬೆಲೆ ಕೊಡುವುದಿಲ್ಲ. ಆ ಜನ ಮೇಲೇರಿದಂತೆ ಅವರ ಅಡುಗೆಯ ಬೆಲೆಯೂ ಮೇಲೇರುತ್ತದೆ. ಇಟಲಿಯವರು ಬಡ ಕೂಲಿಗಳಾಗಿದ್ದಾಗ ಅವರ ಊಟವೂ ಅಗ್ಗದ ಊಟವೇ ಆಗಿತ್ತು. ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಯುನೆಸ್ಕೊ 2010ರಲ್ಲೇ ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅದೇ ಅಡುಗೆಗೆ 3 ಡಾಲರ್ ಜಾಸ್ತಿಯಾಯಿತು!

ನಮ್ಮಲ್ಲೂ ಹಾಗೇ ಅಲ್ಲವೇ. ಬೆಂಗಳೂರಿನ ಮಾಲ್‌ನಲ್ಲಿ ಟಾಕೊಗೆ ಹೆಚ್ಚುವರಿ ಚೀಸ್ ಹಾಕಿಸಿಕೊಂಡು ಮಾತಿಲ್ಲದೆ ಬಿಲ್ ಕೊಡುವವರು ಖಾನಾವಳಿಯಲ್ಲಿ ಮೂರನೇ ರೊಟ್ಟಿಗೆ 10 ರೂಪಾಯಿ ಅಂದರೆ ಮುಖ ಸಿಂಡರಿಸುತ್ತಾರೆ. ಟಾಕೊ ಅಂದ ಮೇಲೆ ಒಂದು ಕತೆ ಹೇಳಲೇಬೇಕು. ಟಾಕೊ ಬೆಲ್ ಭಾರತದಲ್ಲಿ ಮೊದಲು ಅಂಗಡಿ ತೆರೆದದ್ದು ಬೆಂಗಳೂರಿನಲ್ಲೇ, 2010ರಲ್ಲಿ. ಆ ಕಂಪನಿ ಕಟ್ಟಿದ ಗ್ಲೆನ್ ಬೆಲ್, ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ಹಾಟ್‌ಡಾಗ್ ಮಾರುತ್ತಿದ್ದ. ಅವನ ಅಂಗಡಿಯ ಎದುರಿಗೇ ಮಿತ್ಲಾ ಕೆಫೆ ಅಂತ ಒಂದು ಮೆಕ್ಸಿಕನ್ ಕುಟುಂಬದ ಹೋಟೆಲ್, 1937ರದ್ದು. ಅಲ್ಲಿ ಗರಿಗರಿ ಕರಿದ ಟಾಕೊಗೆ ಜನ ಸಾಲುಗಟ್ಟುವುದನ್ನು ಬೆಲ್ ನೋಡಿದ, ತಿಂದ, ಮಾಡುವ ಬಗೆ ಕಲಿತ. ಪತ್ರಕರ್ತ ಗುಸ್ತಾವೊ ಅರೆಯಾನೊ 2012ರ ತಮ್ಮ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾರೆ. 1962ರಲ್ಲಿ ಬೆಲ್ ತನ್ನ ಹೆಸರಿನ ಕಂಪನಿ ಶುರು ಮಾಡಿದ. ಇವತ್ತು ಅದಕ್ಕೆ ಸಾವಿರಾರು ಶಾಖೆಗಳು. ಮಿತ್ಲಾ ಕೆಫೆ ಈಗಲೂ ಅದೇ ಊರಿನಲ್ಲಿ, ಅದೇ ಕುಟುಂಬದ ಕೈಯಲ್ಲಿ ಇದೆ. ಬೆಲ್ ಕದ್ದ ಅಂತ ನಾನು ಹೇಳುತ್ತಿಲ್ಲ. ಟಾಕೊಗೆ ಪೇಟೆಂಟ್ ಇಲ್ಲ, ರೊಟ್ಟಿಗೂ ಇಲ್ಲ. ಆದರೆ ಎದುರು ಅಂಗಡಿಯ ಕೆಲಸ ನೋಡಿ ಕಲಿತವನದು ‘ಉದ್ಯಮಶೀಲತೆ’ ಎಂದು ಮ್ಯಾನೇಜ್‌ಮೆಂಟ್ ಪಾಠವಾಗುವುದಾದರೆ, ಆ ಅಂಗಡಿಯ ಒಳಗೇ ದುಡಿದ ಮಕ್ಕಳದು ಯಾಕೆ ಬರೀ ‘ಅಮ್ಮನಿಗೆ ಸಹಾಯ’?

‘ಸಹಾಯ’ ಎಂಬ ಪದದ ಬಗ್ಗೆಯೂ ಒಂದು ಮಾತು. ನನ್ನ ತಮ್ಮ ಗಲ್ಲೆಯಲ್ಲಿ ಕೂತರೆ ನೆಂಟರು, ‘ಹುಡುಗ ಬಿಸಿನೆಸ್ ನೋಡ್ಕೊಳ್ಳಾಕತ್ತಾನ’ ಅನ್ನುತ್ತಾರೆ. ನಾನು ಅದೇ ಗಲ್ಲೆಯಲ್ಲಿ ಕೂತರೆ, ‘ಪಾಪ, ಅವ್ವಗ ಆಸರ ಆಗ್ಯಾಳ’. ಕುರ್ಚಿ ಒಂದೇ, ಲೆಕ್ಕದ ಪುಸ್ತಕ ಒಂದೇ. ಇದನ್ನು ಆ ಹುಡುಗಿಗೆ ಹೇಳಿದಾಗ ಅವಳು ಜೋರಾಗಿ ನಕ್ಕಳು. ಅವರ ಮನೆಯಲ್ಲೂ ಭಾನುವಾರ ಬರುವ ಚಿಕ್ಕಪ್ಪ ಹಾಗೇ ಮಾತಾಡುತ್ತಾರಂತೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮನೆಯವರೆಲ್ಲ ಸೇರಿ ದುಡಿಯುವುದನ್ನು ನೋಡಿ ‘ಆಹಾ ಎಷ್ಟು ಚಂದ, ಎಷ್ಟು ಒಗ್ಗಟ್ಟು’ ಎಂದು ರೀಲ್ಸ್ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಪುಟ್ಟ ಹುಡುಗ ಗೆಳೆಯರ ಜೊತೆ ಫುಟ್‌ಬಾಲಿಗೆ ಹೋಗುವ ವಯಸ್ಸಿನಲ್ಲಿ ನಗರಸಭೆಯಿಂದ ಬಂದ ಪತ್ರವನ್ನು ಅಪ್ಪನಿಗೆ ಸ್ಪ್ಯಾನಿಷಿಗೆ ತಿರುಗಿಸಿ ಹೇಳುತ್ತಾನೆ. ದಂಡದ ಮೊತ್ತ ಓದುವಾಗ ಅವನ ದನಿ ಸಣ್ಣಗಾಗುವುದನ್ನು ನಾನೇ ಕೇಳಿದ್ದೇನೆ. ನನಗೂ ಸಿಇಟಿಗೆ ಮುಂಚಿನ ದಿನ ಒಲೆಯ ಮುಂದಿನಿಂದ ಏಳಲು ಆಗಿರಲಿಲ್ಲ, ಅವತ್ತು ಅವ್ವನಿಗೆ ಜ್ವರ. ಮನೆಯ ಕೆಲಸಕ್ಕೆ ‘ಬೇಡ’ ಅನ್ನಲು ಬರುವುದಿಲ್ಲ, ರಾಜೀನಾಮೆ ಕೊಡಲು ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಓದು ನಿಂತದ್ದು ಹೀಗೆಯೇ. ಅದಕ್ಕೇ ಎಣಿಸಿ ಅನ್ನುತ್ತಿರುವುದು. ತಾಸು ಬರೆದಿಟ್ಟರೆ ತಾನೇ ಅದು ಅತಿಯಾಯಿತೆಂದು ಗೊತ್ತಾಗುವುದು? ಹೋಟೆಲ್ ಇಟ್ಟಿರುವ ಅಪ್ಪ ಅಮ್ಮಂದಿರಿಗೆ ಸಾಧ್ಯವಾದರೆ, ತಿಂಗಳಿಗೆ ಐನೂರೋ ಸಾವಿರವೋ ಮಗಳ ಹೆಸರಿನ ಖಾತೆಗೆ ಹಾಕಿ. ಮೊತ್ತ ಸಣ್ಣದಿರಲಿ, ಪಾಸ್‌ಬುಕ್ಕಿನಲ್ಲಿ ಸಾಲು ಮೂಡಲಿ. ನಾಳೆ ಅವಳು ಅರ್ಜಿ ಹಾಕುವಾಗ ಆ ಸಾಲೇ ದಾಖಲೆ.

ಕೆಲಸ ಕೊಡುವವರ ಕಡೆಯಿಂದ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಮನೆ ಹೋಟೆಲಿನ ಅನುಭವವನ್ನು ಪರಿಶೀಲಿಸುವುದು ಹೇಗೆ? ಯಾರು ಬೇಕಾದರೂ ಬರೆದುಕೊಳ್ಳಬಹುದಲ್ಲ? ನಿಜ. ಹಾಗಾದರೆ ದುಡ್ಡಿಗೆ ಸಿಗುವ ಸರ್ಟಿಫಿಕೇಟನ್ನು ಹೇಗೆ ಪರಿಶೀಲಿಸಿದಿರಿ ಅಂತ ಮೊದಲು ಕೇಳಬೇಕಾಗುತ್ತದೆ, ಇರಲಿ. ಮನೆ ಹೋಟೆಲಿಗೂ ದಾಖಲೆ ಇರುತ್ತವೆ. ಎಫ್‌ಎಸ್‌ಎಸ್‌ಎಐ ನೋಂದಣಿ, ಗ್ಯಾಸಿನ ಬಿಲ್ಲು, ಯುಪಿಐ ವಹಿವಾಟು, ಕಿರಾಣಿಯವರ ಲೆಕ್ಕದ ಚೀಟಿ. ಅಪ್ಪನನ್ನೇ ರೆಫರೆನ್ಸ್ ಅಂತ ಕೊಟ್ಟರೆ ಯಾರೂ ನಂಬುವುದಿಲ್ಲ. ಮಾಲು ಕೊಡುವ ಅಂಗಡಿಯವರನ್ನು, ವರ್ಷಗಟ್ಟಲೆ ತಿಂಗಳ ಊಟ ಮಾಡಿದ ಒಬ್ಬ ಮೇಷ್ಟ್ರನ್ನು ಕೊಡಿ. ಅದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿದೆ: ಎರಡು ಪ್ರಶ್ನೆ ಕೇಳಿ. ಗಲ್ಲೆಯಲ್ಲಿ ಕೂರದವರು ಮೂರನೇ ಪ್ರಶ್ನೆಗೆ ಬಾಯಿ ಬಿಡಲಾರರು.

ಆ ಹುಡುಗಿಯ ಫಾರಂ ನಾವಿಬ್ಬರೂ ಕೂತು ತಿದ್ದಿದೆವು. ‘ಇಲ್ಲ’ ಹೋಗಿ ನಾಲ್ಕು ಸಾಲು ಬಂತು. ಇದನ್ನು ಓದುತ್ತಿರುವವರಲ್ಲಿ ಕಿರಾಣಿ ಅಂಗಡಿ, ಟೈಲರ್ ಅಂಗಡಿ, ಹೂವಿನ ಅಂಗಡಿ, ಝೆರಾಕ್ಸ್ ಅಂಗಡಿಯ ಮಕ್ಕಳು ಖಂಡಿತ ಇದ್ದೀರಿ, ಅದಕ್ಕೆ ಹೇಗೆ ಬರೆದೆವು ಅಂತ ಹೇಳುತ್ತೇನೆ. ‘ಮನೆಯ ಹೋಟೆಲಿನಲ್ಲಿ ಸಹಾಯ ಮಾಡಿದ್ದೇನೆ’ ಅಂತ ಬರೆಯಲಿಲ್ಲ. ಆ ವಾಕ್ಯದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಎಷ್ಟು ಮೇಜಿನ ಹೋಟೆಲ್, ವಾರಕ್ಕೆ ಎಷ್ಟು ತಾಸು, ಯಾವ ವರ್ಷದಿಂದ ಯಾವ ವರ್ಷಕ್ಕೆ ಅಂತ ಒಂದು ಸಾಲು. ಎಷ್ಟು ಮಂದಿ ಮಾಲು ಪೂರೈಕೆದಾರರ ಜೊತೆ ವ್ಯವಹಾರ, ಮಾರಾಟ ತೆರಿಗೆಯ ಲೆಕ್ಕ ಯಾವಾಗಿನಿಂದ ತಾನೇ ಸಲ್ಲಿಸುತ್ತಿದ್ದಾಳೆ ಅಂತ ಎರಡನೆಯದು. ಟ್ರೇಲರ್‌ನಿಂದ ಅಂಗಡಿಗೆ ಬದಲಾಗುವಾಗ ಪರವಾನಗಿಯ ಕಾಗದಪತ್ರ ನೋಡಿಕೊಂಡದ್ದು ಮೂರನೆಯದು. ನಾಲ್ಕನೆಯದು ಎರಡು ಭಾಷೆ. ಅವಳು ಅದನ್ನು ‘ಭಾಷೆಗಳು’ ಎಂಬ ಕಾಲಂನಲ್ಲಿ ಹಾಕಿದ್ದಳು. ಗಿರಾಕಿ, ಅಧಿಕಾರಿ, ಪೂರೈಕೆದಾರರ ನಡುವೆ ದಿನಾ ಎರಡು ಭಾಷೆಯಲ್ಲಿ ವ್ಯವಹಾರ ಕುದುರಿಸುವುದು ಅನುಭವದ ಕಾಲಂಗೇ ಸೇರಬೇಕಾದದ್ದು. ಸಾಲುಗಳನ್ನು ಓದಿ ಅವಳು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಒಳಗೆ ಹೋಗಿ ಅಮ್ಮನಿಗೆ ಸ್ಪ್ಯಾನಿಷಿನಲ್ಲಿ ಓದಿ ಹೇಳಿದಳು. ಅಮ್ಮ ಹೊರಗೆ ಬಂದು ನನ್ನ ಮುಂದೆ ಇನ್ನೊಂದು ತಟ್ಟೆ ಇಟ್ಟರು, ಬಿಲ್ಲಿಗೆ ಸೇರಿಸಲು ಬಿಡಲಿಲ್ಲ. ಎಣಿಸಬೇಕು ಅಂತ ವಾದ ಮಾಡುವವಳು ನಾನು, ಟಿಪ್ಸ್ ಡಬ್ಬಿಗೆ ಹಾಕಿ ಬಂದೆ.

ಇನ್ನು ನನ್ನ ವಿಷಯ. ಇಲ್ಲಿ ಓದು ಮುಗಿಸಿದ ವಿದ್ಯಾರ್ಥಿಗೆ ಕೆಲಸ ಮಾಡಲು ಮೊದಲು ಸಿಗುವ ಅನುಮತಿ 12 ತಿಂಗಳದ್ದು. ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ನನ್ನದು ಇವತ್ತಿಗೆ 41 ದಿನ ಕಳೆದಿದೆ. ಊರಿನಲ್ಲಿ ಎಜುಕೇಷನ್ ಲೋನಿಗೆ ಖಾನಾವಳಿಯ ಜಾಗವೇ ಅಡವಾಗಿದೆ. ಹಾಗಾಗಿ ಇದು ನನಗೆ ಬರೀ ತತ್ವದ ಮಾತಲ್ಲ. ಕೆಂಪು ಪೆನ್ನು ಹೊಡೆದು ಹಾಕಿದ್ದ ಸಾಲನ್ನು ಈ ಸಲ ರೆಸ್ಯೂಮೆಯಲ್ಲಿ ಪ್ರಾಜೆಕ್ಟುಗಳಿಗಿಂತ ಮೇಲೆ ಹಾಕಿ ಕಳಿಸುತ್ತಿದ್ದೇನೆ. ಹೋದ ವಾರ ಸರಕು ಸಾಗಣೆ ಕ್ಷೇತ್ರದ ಒಂದು ಕಂಪನಿಯ ಡೇಟಾ ಅನಲಿಸ್ಟ್ ಹುದ್ದೆಗೆ ಫೋನ್ ಸಂದರ್ಶನ ಇತ್ತು. ಆ ಹೆಂಗಸು ಪ್ರಾಜೆಕ್ಟುಗಳನ್ನೆಲ್ಲ ಬಿಟ್ಟು ನೇರ ಅದೇ ಸಾಲಿಗೆ ಬಂದರು. ‘ಒಂದು ದಿನಕ್ಕೆ ಎಷ್ಟು ರೊಟ್ಟಿ ಬೇಕಾಗುತ್ತದೆಂದು ಹಿಂದಿನ ದಿನ ಹೇಗೆ ಅಂದಾಜು ಮಾಡುತ್ತಿದ್ದಿರಿ?’

ಹೇಳಲು ಶುರು ಮಾಡಿದೆ. ಶ್ರಾವಣ ಸೋಮವಾರ ಉಪವಾಸದವರು ಎಷ್ಟು ಕಡಿಮೆಯಾಗುತ್ತಾರೆ, ಸಂತೆಯ ದಿನ ಹಳ್ಳಿಯಿಂದ ಬಂದವರು ಎಷ್ಟು ಹೆಚ್ಚು ಉಣ್ಣುತ್ತಾರೆ, ವಿಶ್ವವಿದ್ಯಾಲಯದ ಪರೀಕ್ಷೆ ಮುಗಿದ ಮರುದಿನ ಹಾಸ್ಟೆಲ್ ಖಾಲಿಯಾಗಿ ಲೆಕ್ಕ ಹೇಗೆ ಅರ್ಧಕ್ಕೆ ಇಳಿಯುತ್ತದೆ, ಮಳೆ ಬಂದರೆ ಮಧ್ಯಾಹ್ನದ್ದು ಕಡಿಮೆಯಾಗಿ ಪಾರ್ಸಲ್ ಹೇಗೆ ಏರುತ್ತದೆ, ಉಳಿದ ರೊಟ್ಟಿಯನ್ನು ಕಡಕ್ ಮಾಡಿ ಮಾರಿದರೆ ನಷ್ಟ ಎಷ್ಟು ತಗ್ಗುತ್ತದೆ. ಅವರು ನಡುವೆ ಎರಡು ಸಲ ತಡೆದು ಮತ್ತೆ ಪ್ರಶ್ನೆ ಕೇಳಿದರು. ಇಪ್ಪತ್ತು ನಿಮಿಷದ ಕರೆ ನಲವತ್ತು ನಿಮಿಷಕ್ಕೆ ಹೋಯಿತು. ಮುಂದಿನ ಸುತ್ತಿಗೆ ಇನ್ನೂ ಕರೆ ಬಂದಿಲ್ಲ.